ಕಾಗದದ ತೂಕ, ಕಟ್ಟಿನ ಅಳತೆ

ಅಂಚೆಯ ಕಚೇರಿಯ ಕಿಟಕಿಯ ಬಳಿ ನಿಂತಾಗ ಒಳಗಿನ ಗುಮಾಸ್ತರು ನಮ್ಮ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು, “ತೂಕ ಮೀರಿದೆ, ಇನ್ನೊಂದು ಚೀಟಿ ಹಚ್ಚಿರಿ” ಎಂದರೆ ನಾವು ಮರುಮಾತಿಲ್ಲದೆ ಹಚ್ಚುತ್ತೇವೆ. ದೊಡ್ಡ ಕಟ್ಟೊಂದನ್ನು ಒಯ್ದರೆ ಅದರ ಉದ್ದಕ್ಕೊಮ್ಮೆ, ನಡುವಿನ ಸುತ್ತ ಒಮ್ಮೆ ಅಳತೆಯ ಪಟ್ಟಿ ಹಿಡಿಯುವುದುಂಟು. ಈ ಎರಡು ಕೆಲಸಗಳೂ ಕಾನೂನು ವಿಧಿಸಿದವು. ಕಾಗದವನ್ನು ತೂಗುವುದೇಕೆ, ಹಾಳೆಗಳನ್ನು ಎಣಿಸಿದರೆ ಸಾಲದೆ? ಕಟ್ಟಿನ ಘನಫಲವನ್ನು ಕೇಳದೆ, ಉದ್ದವನ್ನೂ ಸುತ್ತಳತೆಯನ್ನೂ ಕೂಡಿಸುವ ವಿಚಿತ್ರವಾದ ಲೆಕ್ಕವೇಕೆ? ಮೇಲುನೋಟಕ್ಕೆ ಇವು ಕಚೇರಿಯ ಒಣ ಕಟ್ಟಳೆಗಳೆಂದು ತೋರಬಹುದು. ಆದರೆ ಬಡವನೊಬ್ಬನು ದೂರದಲ್ಲಿರುವ ಮಗನಿಗೆ ಬರೆಯಬಲ್ಲನೆ, ಬರೆದುದು ನಡುದಾರಿಯಲ್ಲಿ ಪರರ ಕಣ್ಣಿಗೆ ಬೀಳದೆ ಅವನ ಕೈಸೇರುವುದೆ ಎಂಬ ಪ್ರಶ್ನೆಗಳು ಒಂದು ಕಾಲದಲ್ಲಿ ಈ ಕಟ್ಟಳೆಗಳಿಂದಲೇ ತೀರ್ಮಾನವಾದವು.

ಇಂಗ್ಲೆಂಡಿನಲ್ಲಿ ೧೮೪೦ಕ್ಕೆ ಮೊದಲು ಕಾಗದದ ವೆಚ್ಚವನ್ನು ದೂರದಿಂದಲೂ ಹಾಳೆಗಳ ಸಂಖ್ಯೆಯಿಂದಲೂ ನಿರ್ಣಯಿಸುತ್ತಿದ್ದರು. ಒಂದು ಹಾಳೆಗೆ ಒಂದು ಪಾಲು, ಎರಡು ಹಾಳೆಗೆ ಎರಡು ಪಾಲು. ಲಂಡನ್ನಿನಿಂದ ಎಡಿನ್‌ಬರೋ ನಗರಕ್ಕೆ ಒಂದೇ ಹಾಳೆಯ ಕಾಗದಕ್ಕೆ ಒಂದು ಷಿಲಿಂಗಿಗೂ ಮೇಲ್ಪಟ್ಟು ತಗಲುತ್ತಿತ್ತು. ಹೊಲದಲ್ಲಿ ದುಡಿಯುವವನ ದಿನಗೂಲಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಈ ಹಣವನ್ನು ಸಾಮಾನ್ಯವಾಗಿ ಕಾಗದ ಪಡೆದವನೇ ತೆರಬೇಕಾಗಿತ್ತು. ಲಕೋಟೆಯೂ ಒಂದು ಹಾಳೆಯೆಂದೇ ಗಣನೆಯಾಗುತ್ತಿದ್ದುದರಿಂದ ಜನರು ಲಕೋಟೆಯನ್ನು ಬಳಸದೆ, ಬರೆದ ಹಾಳೆಯನ್ನೇ ಮಡಿಸಿ ಅರಗು ಹಾಕುತ್ತಿದ್ದರು. ಹಾಳೆ ತುಂಬಿದರೆ ಅದನ್ನು ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಅದನ್ನು ಓದುವವರ ಪಾಡು ಏನಾಗಿತ್ತೋ!

ಮುಚ್ಚಿದ ಕಾಗದದೊಳಗೆ ಎಷ್ಟು ಹಾಳೆಗಳಿವೆಯೆಂದು ತಿಳಿಯುವುದು ಹೇಗೆ? ಅಂಚೆಯ ನೌಕರನು ಅದನ್ನು ಮೊಂಬತ್ತಿಯ ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದನು. ಹಾಳೆ ಕಾಣುವ ಕಡೆ ಅಕ್ಷರಗಳೂ ಕಾಣುತ್ತವೆ. ಒಳಗೆ ಹಣದ ನೋಟನ್ನು ಇಟ್ಟಿದ್ದರೆ ಅದೂ ಕಾಣುತ್ತದೆ. ಹೀಗೆ, ಕಾಗದದ ಗುಟ್ಟನ್ನು ಕಾಯಬೇಕಾದ ಇಲಾಖೆಯೇ ದರ ಕಟ್ಟುವ ನೆಪದಿಂದ ಅದರೊಳಕ್ಕೆ ಕಣ್ಣು ಹಾಯಿಸಬೇಕಾದ ಪ್ರಸಂಗ ಒದಗಿತ್ತು. ನೌಕರನು ಕೆಟ್ಟವನೆಂದಲ್ಲ, ನಿಯಮದ ಅಳತೆಗೋಲೇ ಅಂಥದಾಗಿತ್ತು.

ರೋಲೆಂಡ್ ಹಿಲ್ ಎಂಬವರು ೧೮೩೭ರಲ್ಲಿ ಅಂಚೆಯ ಸುಧಾರಣೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಲಂಡನ್ನಿನಿಂದ ಎಡಿನ್‌ಬರೋವರೆಗೆ ಒಂದು ಕಾಗದವನ್ನು ಬಂಡಿಯಲ್ಲಿ ಸಾಗಿಸುವುದಕ್ಕೆ ನಿಜವಾಗಿ ತಗಲುವ ವೆಚ್ಚವನ್ನು ಅವರು ಲೆಕ್ಕಹಾಕಿದರು. ಬಂದ ಉತ್ತರ, ಒಂದು ಪೆನ್ನಿಯ ಮೂವತ್ತಾರನೆಯ ಒಂದು ಭಾಗ! ಹಣವೆಲ್ಲ ವ್ಯಯವಾಗುತ್ತಿದ್ದುದು ದಾರಿಯಲ್ಲಲ್ಲ, ಎರಡು ಕೊನೆಗಳಲ್ಲಿ: ಕಾಗದವನ್ನು ಪಡೆಯುವುದು, ದರ ಕಟ್ಟುವುದು, ಲೆಕ್ಕ ಬರೆಯುವುದು, ಮನೆಬಾಗಿಲಲ್ಲಿ ನಿಂತು ಹಣ ವಸೂಲು ಮಾಡುವುದು. ಹಾಗಾದರೆ ದೂರವನ್ನು ಲೆಕ್ಕಕ್ಕೆ ಹಿಡಿಯುವುದೇ ಅರ್ಥವಿಲ್ಲದ ಕೆಲಸ. ದೂರವೆಷ್ಟೇ ಇರಲಿ, ಅರ್ಧ ಔನ್ಸಿಗೆ, ಎಂದರೆ ಸುಮಾರು ೧೪ ಗ್ರಾಂ ತೂಕಕ್ಕೆ, ಮುಂಗಡವಾಗಿ ತೆತ್ತ ಒಂದು ಪೆನ್ನಿ ಸಾಕೆಂಬ ಅವರ ಸಲಹೆ ೧೮೪೦ನೆಯ ಜನವರಿ ೧೦ರಂದು ಜಾರಿಗೆ ಬಂದಿತು. ಆ ದಿನದಿಂದ ಮೊಂಬತ್ತಿಯ ಕೆಲಸ ಮುಗಿಯಿತು. ಒಳಗೆ ಒಂದು ಹಾಳೆಯಿರಲಿ ನಾಲ್ಕಿರಲಿ, ತಕ್ಕಡಿಗೆ ಬೇಕಾದುದು ಭಾರ ಮಾತ್ರ. ತಕ್ಕಡಿಗೆ ಓದು ಬಾರದು. ಲಕೋಟೆಯನ್ನು ಎಲ್ಲರೂ ಧಾರಾಳವಾಗಿ ಬಳಸತೊಡಗಿದುದೂ ಆಮೇಲೆಯೇ.

ನಮ್ಮ ದೇಶದಲ್ಲಿ ತೂಕದ ಲೆಕ್ಕ ಅದಕ್ಕೆ ಮೊದಲೇ ಇತ್ತು, ಕಾಡುತ್ತಿದ್ದುದು ದೂರ. ೧೮೩೭ರ ಕಾಯಿದೆಯ ಕಾಲದಲ್ಲಿ ಕಲ್ಕತ್ತದಿಂದ ಮುಂಬಯಿಗೆ ಒಂದು ತೊಲದ ಕಾಗದಕ್ಕೆ ಒಂದು ರೂಪಾಯಿ ಕೊಡಬೇಕಾಗಿತ್ತು. ತೊಲವೆಂದರೆ ಬೆಳ್ಳಿಯ ಒಂದು ರೂಪಾಯಿಯ ತೂಕ, ೧೧.೬೬ ಗ್ರಾಂ. ಎಂದರೆ ಕಾಗದದ ತೂಕಕ್ಕೆ ಸರಿಸಮನಾಗಿ ಬೆಳ್ಳಿಯನ್ನು ತೂಗಿ ಕೊಟ್ಟಂತಾಯಿತು! ೧೮೫೪ರ ಕಾಯಿದೆ ದೂರವನ್ನು ಕೈಬಿಟ್ಟಿತು. ದೇಶದ ಯಾವ ಮೂಲೆಗಾದರೂ ಕಾಲು ತೊಲದವರೆಗೆ ಅರ್ಧ ಆಣೆ, ಅರ್ಧ ತೊಲದವರೆಗೆ ಒಂದು ಆಣೆ, ಒಂದು ತೊಲದವರೆಗೆ ಎರಡು ಆಣೆ ಎಂದು ಅದು ಗೊತ್ತುಮಾಡಿತು.

ಇಲ್ಲೊಂದು ಸೊಗಸನ್ನು ಗಮನಿಸಬೇಕು. ಆಗಿನ ಬೆಳ್ಳಿಯ ನಾಣ್ಯಗಳಲ್ಲಿ ಬೆಲೆಗೆ ತಕ್ಕಂತೆ ತೂಕವಿತ್ತು. ರೂಪಾಯಿ ಒಂದು ತೊಲ, ಎಂಟಾಣೆ ಅರ್ಧ ತೊಲ, ಪಾವಲಿ ಕಾಲು ತೊಲ. ಆದ್ದರಿಂದ ಮನೆಯಲ್ಲಿ ಬಟ್ಟಿನ ಕಲ್ಲುಗಳಿಲ್ಲದಿದ್ದರೂ ಚಿಂತೆಯಿರಲಿಲ್ಲ. ಒಂದು ತಟ್ಟೆಯಲ್ಲಿ ಪಾವಲಿ, ಇನ್ನೊಂದರಲ್ಲಿ ಕಾಗದ. ಕಾಗದದ ತಟ್ಟೆ ಕೆಳಗಿಳಿಯದಿದ್ದರೆ ಅರ್ಧ ಆಣೆ ಸಾಕು. ಕಾನೂನಿನ ಮಿತಿಯನ್ನು ಪ್ರಜೆಯು ತನ್ನ ಕಿಸೆಯಲ್ಲಿದ್ದ ನಾಣ್ಯದಿಂದಲೇ ಪರೀಕ್ಷಿಸಿಕೊಳ್ಳಬಹುದಾಗಿತ್ತು. ಇಂದಿನ ಎರಡು ರೂಪಾಯಿಯ ನಾಣ್ಯ ಒಂದು ರೂಪಾಯಿಯದಕ್ಕಿಂತ ಎರಡು ಪಟ್ಟು ಭಾರವಿಲ್ಲ. ಆ ಅನುಕೂಲ ನಮಗೆ ತಪ್ಪಿಹೋಗಿದೆ. ಆದರೆ ಕಾಲು ತೊಲವೆಂದರೆ ೨.೯ ಗ್ರಾಂ ಮಾತ್ರ ಎಂಬುದನ್ನೂ ಮರೆಯಬಾರದು. ಈಗ ನಾವು ಬಳಸುವ ದೊಡ್ಡ ಹಾಳೆಯೊಂದೇ ಅದನ್ನು ಮೀರುತ್ತದೆ. ಅರ್ಧ ಆಣೆಗೆ ಬರೆಯುವವನು ತೆಳುವಾದ ಕಾಗದವನ್ನು ಹುಡುಕಿ, ಚಿಕ್ಕದಾಗಿ ಕತ್ತರಿಸಿ, ಮಾತನ್ನು ಅಳೆದು ಬರೆಯಬೇಕಾಗಿತ್ತು. ೧೮೬೯ರಲ್ಲಿ ಅರ್ಧ ಆಣೆಗೆ ಅರ್ಧ ತೊಲವಾಯಿತು. ೧೮೭೯ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಅದರಲ್ಲಂತೂ ತೂಗುವ ಗೊಡವೆಯೇ ಇಲ್ಲ, ರಟ್ಟಿನ ಅಂಚೇ ಬರಹಕ್ಕೆ ಮೇರೆ.

ಅಂಚೆಯ ದರದ ಕೋಷ್ಟಕಗಳಲ್ಲಿ ‘ಅಥವಾ ಅದರ ಭಾಗಕ್ಕೆ’ ಎಂಬ ಪುಟ್ಟ ಮಾತೊಂದು ಬರುತ್ತದೆ. ಸಾಮಾನ್ಯ ಕಾಗದಕ್ಕೆ ೨೦ ಗ್ರಾಂ ಎಂಬುದು ನಮ್ಮಲ್ಲಿ ಬಹುಕಾಲದ ಮಾನ. ಪ್ರತಿ ೨೦ ಗ್ರಾಂಗೆ ‘ಅಥವಾ ಅದರ ಭಾಗಕ್ಕೆ’ ಇಷ್ಟು ಎಂದರೆ, ೨೦ ಗ್ರಾಂವರೆಗೆ ಒಂದು ದರ, ೨೦ನ್ನು ಕೂದಲೆಳೆಯಷ್ಟು ಮೀರಿದರೂ ಎರಡು. ಇದನ್ನು ನಕ್ಷೆಯಾಗಿ ಬರೆದರೆ ಏರುವ ಗೆರೆ ದೊರೆಯುವುದಿಲ್ಲ, ಮೆಟ್ಟಿಲುಗಳು ದೊರೆಯುತ್ತವೆ. ಗಣಿತದ ತರಗತಿಯಲ್ಲಿ ಇಂಥ ಮೆಟ್ಟಿಲಿನ ಸಂಬಂಧಗಳು ಬಂದಾಗ ವಿದ್ಯಾರ್ಥಿಗಳು ಅಂಚೆಯ ದರವನ್ನು ನೆನೆದುಕೊಳ್ಳಬಹುದು.

ನಿಮ್ಮ ಕಾಗದ ಯಾವ ಮೆಟ್ಟಿಲಿನಲ್ಲಿದೆಯೆಂದು ತಕ್ಕಡಿಯಿಲ್ಲದೆಯೂ ತಿಳಿಯಬಹುದು. ಎ-೪ ಎಂದು ಕರೆಯುವ ಹಾಳೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಕಾಗದದ ಕಟ್ಟಿನ ಮೇಲೆ ಚದರ ಮೀಟರಿಗೆ ೮೦ ಗ್ರಾಂ ಎಂದಿದ್ದರೆ ಒಂದು ಹಾಳೆಯ ತೂಕ ೫ ಗ್ರಾಂ. ಲಕೋಟೆಗೆ ನಾಲ್ಕೈದು ಗ್ರಾಂ ಬಿಟ್ಟರೆ ಮೂರು ಹಾಳೆಗಳು ೨೦ ಗ್ರಾಂನ ಅಂಚಿಗೆ ಬಂದು ನಿಲ್ಲುತ್ತವೆ, ನಾಲ್ಕನೆಯದು ಮೀರುತ್ತದೆ. ಅಂಚಿನಲ್ಲಿರುವ ಕಾಗದಕ್ಕೆ ಮಳೆಗಾಲವೂ ಶತ್ರುವೇ. ಕಾಗದ ಗಾಳಿಯ ತೇವವನ್ನು ಹೀರುವ ವಸ್ತುವಾದುದರಿಂದ ಒಣಹವೆಯಲ್ಲಿ ತೂಗಿದುದು ಮಲೆನಾಡಿನ ಆಷಾಢದಲ್ಲಿ ಶೇಕಡ ಎರಡು ಮೂರರಷ್ಟು ಹೆಚ್ಚು ತೂಗಿದರೆ ಆಶ್ಚರ್ಯವಿಲ್ಲ. ೨೦ ಗ್ರಾಂಗೆ ಅದು ಅರ್ಧ ಗ್ರಾಂ. ಮೆಟ್ಟಿಲು ಹತ್ತುವುದಕ್ಕೆ ಸಾಕು.

ಈ ತೂಕದ ಕೆಲಸಕ್ಕೆ ಅಂಚೆಯ ಕಟ್ಟೆಯ ಮೇಲೆ ಬಹುಕಾಲ ದುಡಿದ ತಕ್ಕಡಿಯ ರಚನೆ ವಿಶೇಷವಾದುದು. ಅಕ್ಕಸಾಲಿಗನ ತಕ್ಕಡಿಯಲ್ಲಿ ತಟ್ಟೆಗಳು ದಾರದಲ್ಲಿ ತೂಗಾಡುತ್ತವೆ. ಅಗಲವಾದ ಲಕೋಟೆಯನ್ನು ಇಟ್ಟರೆ ದಾರಕ್ಕೆ ತಗಲುತ್ತದೆ. ತಟ್ಟೆಯನ್ನು ದಂಡದ ಮೇಲೆಯೇ ಕೂಡಿಸಿದರೆ ಬೇರೊಂದು ತೊಡಕು: ಕಾಗದವನ್ನು ತಟ್ಟೆಯ ಹೊರ ಅಂಚಿಗೆ ಇಟ್ಟಷ್ಟೂ ಸನ್ನೆಯ ತತ್ತ್ವದಂತೆ ಅದು ಹೆಚ್ಚು ತೂಗುತ್ತದೆ. ಫ್ರೆಂಚ್ ಗಣಿತಜ್ಞ ರೋಬರ್‌ವಾಲ್ ೧೬೬೯ರಲ್ಲಿ ಇದಕ್ಕೆ ಪರಿಹಾರವನ್ನು ತೋರಿಸಿದನು. ಒಂದರ ಕೆಳಗೊಂದರಂತೆ ಎರಡು ಸಮ ದಂಡಗಳು, ಅವುಗಳ ಕೊನೆಗಳನ್ನು ಕೂಡಿಸುವ ಎರಡು ನಿಲುಗಂಬಿಗಳು. ಕೀಲುಗಳಿಂದ ಆದ ಒಂದು ಸಮಾನಾಂತರ ಚತುರ್ಭುಜ. ದಂಡಗಳು ಎಷ್ಟೇ ಓಲಿದರೂ ನಿಲುಗಂಬಿಗಳು ನೆಟ್ಟಗೆಯೇ ಇರುತ್ತವೆ. ಆದ್ದರಿಂದ ಅವುಗಳ ಮೇಲಿನ ತಟ್ಟೆ ಓರೆಯಾಗದೆ ಇಳಿಯುತ್ತದೆ. ತಟ್ಟೆಯ ಎಲ್ಲ ಬಿಂದುಗಳೂ ಸಮನಾದ ಎತ್ತರವನ್ನು ಇಳಿಯುವುದರಿಂದ, ಭಾರವನ್ನು ಎಲ್ಲಿಟ್ಟರೂ ಗುರುತ್ವಶಕ್ತಿ ಮಾಡುವ ಕೆಲಸ ಒಂದೇ, ತೂಕವೂ ಒಂದೇ. ಗುಮಾಸ್ತರು ಅವಸರದಲ್ಲಿ ಕಾಗದವನ್ನು ಓರೆಯಾಗಿ ಎಸೆದರೂ ಕಳಿಸುವವನಿಗೆ ಅನ್ಯಾಯವಾಗದು.

ತೂಕ ಮೀರಿದ ಕಾಗದಕ್ಕೆ ಸಾಕಷ್ಟು ಚೀಟಿ ಹಚ್ಚದಿದ್ದರೆ ಅದು ನಮ್ಮ ಜನ ಹೇಳುವ ಬೇರಿಂಗ್ ಕಾಗದವಾಗುತ್ತಿತ್ತು. ಯಾರು ತೆರಬೇಕು? ೧೮೯೮ರ ಭಾರತೀಯ ಅಂಚೆ ಕಾಯಿದೆ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಕಾಗದವನ್ನು ಸ್ವೀಕರಿಸಿದ ವಿಳಾಸದಾರನು ಬಾಕಿಯನ್ನು ಕೊಡತಕ್ಕದ್ದು. ಒಡೆಯದೆ ಕೂಡಲೇ ಹಿಂದಿರುಗಿಸಿದರೆ ಅವನಿಗೆ ಹೊಣೆಯಿಲ್ಲ, ಕಳಿಸಿದವನೇ ತೆರಬೇಕು. ಯಾರನ್ನಾದರೂ ಪೀಡಿಸಬೇಕೆಂಬ ದುರುದ್ದೇಶದಿಂದಲೇ ಕಳಿಸಿದ ಬೇರಿಂಗ್ ಕಾಗದವೆಂದು ಮೇಲಧಿಕಾರಿಗೆ ಮನದಟ್ಟಾದರೆ ಬಾಕಿಯನ್ನು ಮನ್ನಾ ಮಾಡುವ ಅಧಿಕಾರವೂ ಅದರಲ್ಲಿತ್ತು. ಕಾಯಿದೆ ಬರೆದವರಿಗೆ ಮನುಷ್ಯಸ್ವಭಾವದ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಒಂದು ಶತಮಾನಕ್ಕೂ ಮಿಗಿಲಾಗಿ ನಡೆದ ಆ ಕಾಯಿದೆಯ ಸ್ಥಾನಕ್ಕೆ ೨೦೨೩ರ ಅಂಚೆ ಕಚೇರಿ ಕಾಯಿದೆ ಬಂದು, ೨೦೨೪ನೆಯ ಜೂನ್ ೧೮ರಿಂದ ಜಾರಿಯಲ್ಲಿದೆ.

ಇನ್ನು ಪಾರ್ಸೆಲಿನ ಮಾತು. ಇಲ್ಲಿ ಮಿತಿಯನ್ನು ಎಲ್ಲಿ ಎಳೆಯಬೇಕೆಂಬುದು ಎಷ್ಟು ನಾಜೂಕಿನ ವಿಷಯವೆಂಬುದನ್ನು ಅಮೆರಿಕದ ಅನುಭವ ತೋರಿಸುತ್ತದೆ. ಅಲ್ಲಿ ಪಾರ್ಸೆಲಿನ ಅಂಚೆ ೧೯೧೩ನೆಯ ಜನವರಿ ೧ರಂದು ಆರಂಭವಾಯಿತು. ತೂಕದ ಮಿತಿ ೧೧ ಪೌಂಡು; ಉದ್ದ ಮತ್ತು ಸುತ್ತಳತೆ ಕೂಡಿ ೭೨ ಅಂಗುಲ. ಅದೇ ತಿಂಗಳಲ್ಲಿ ಒಹಾಯೋ ಸಂಸ್ಥಾನದ ದಂಪತಿಗಳು ೧೧ ಪೌಂಡಿಗೆ ತುಸು ಕಡಮೆಯಿದ್ದ ತಮ್ಮ ಕೂಸನ್ನೇ ಅಜ್ಜಿಯ ಮನೆಗೆ ಅಂಚೆಯವನ ಕೈಯಲ್ಲಿ ಕಳಿಸಿದರು! ಮುಂದಿನ ವರ್ಷ ಹತ್ತಿರದ ಊರುಗಳಿಗೆ ಮಿತಿ ೫೦ ಪೌಂಡಿಗೆ ಏರಿತು. ಫೆಬ್ರವರಿಯಲ್ಲಿ ಐಡಹೊ ಸಂಸ್ಥಾನದಲ್ಲಿ ಇನ್ನೂ ಆರು ತುಂಬದ, ನಲವತ್ತೆಂಟೂವರೆ ಪೌಂಡು ತೂಗುವ ಹುಡುಗಿಯೊಬ್ಬಳು ೫೩ ಸೆಂಟುಗಳ ಚೀಟಿಗಳೊಡನೆ, ಅಂಚೆಗಾಡಿಯಲ್ಲಿ ಕೆಲಸದಲ್ಲಿದ್ದ ಬಂಧುವಿನ ಜೊತೆಯಲ್ಲಿ, ಅಜ್ಜಿಯ ಮನೆ ಸೇರಿದಳು. ರೈಲಿನ ಟಿಕೆಟ್ಟಿಗಿಂತ ಅದು ಅಗ್ಗವಾಗಿತ್ತು. ಮನುಷ್ಯರನ್ನು ಅಂಚೆಯಲ್ಲಿ ಕಳಿಸಕೂಡದೆಂದು ಅಧಿಕಾರಿಗಳು ಆಮೇಲೆ ಬಿಡಿಸಿ ಹೇಳಬೇಕಾಯಿತು.

ಇನ್ನೊಂದು ಕಥೆ ಇಟ್ಟಿಗೆಗಳದು. ೧೯೧೬ರಲ್ಲಿ ಯೂಟಾ ಸಂಸ್ಥಾನದ ವರ್ನಲ್ ಊರಿನಲ್ಲಿ ಬ್ಯಾಂಕಿನ ಕಟ್ಟಡಕ್ಕಾಗಿ ಸಾಲ್ಟ್ ಲೇಕ್ ನಗರದಿಂದ ಇಟ್ಟಿಗೆ ಬೇಕಾಯಿತು. ಸರಕಿನ ಬಾಡಿಗೆ ವಿಪರೀತ. ಅಂಚೆಯ ದರವಾದರೋ ವಲಯಗಳ ಪ್ರಕಾರ, ನಕ್ಷೆಯ ಮೇಲಿನ ನೇರ ದೂರವನ್ನು ಅನುಸರಿಸುತ್ತಿತ್ತು. ನಿಜವಾದ ದಾರಿ ಬೆಟ್ಟಗಳನ್ನು ಬಳಸಿ ಅದರ ಎರಡು ಪಟ್ಟಿಗೂ ಹೆಚ್ಚು. ಆದುದರಿಂದ ಸಾವಿರಾರು ಇಟ್ಟಿಗೆಗಳು ೫೦ ಪೌಂಡನ್ನು ಮೀರದ ಕಟ್ಟುಗಳಾಗಿ ಅಂಚೆಯಲ್ಲಿಯೇ ಬಂದವು. ಒಂದೊಂದು ಕಟ್ಟೂ ನಿಯಮಬದ್ಧ. ಒಟ್ಟಾಗಿ ಮಾತ್ರ ಒಂದು ಕಟ್ಟಡ! ಒಬ್ಬನಿಂದ ಒಬ್ಬನಿಗೆ ದಿನಕ್ಕೆ ೨೦೦ ಪೌಂಡಿಗಿಂತ ಹೆಚ್ಚಾಗಬಾರದೆಂಬ ನಿಯಮ ಹುಟ್ಟಿದುದು ಹೀಗೆ. ಒಂದು ವಸ್ತುವಿಗೆ ಹಾಕಿದ ಮಿತಿ ರಾಶಿಗೆ ಅನ್ವಯಿಸುವುದಿಲ್ಲವೆಂಬ ಸಂಗತಿ ಇಟ್ಟಿಗೆ ಹೊತ್ತ ಮೇಲೆ ತಿಳಿಯಿತು.

ಉದ್ದ ಮತ್ತು ಸುತ್ತಳತೆಗಳನ್ನು ಕೂಡಿಸುವ ಪದ್ಧತಿ ನಮ್ಮಲ್ಲಿಯೂ ಇತ್ತು. ೧೮೯೮ರ ಕಾಯಿದೆಯ ಕೆಳಗಿನ ನಿಯಮಗಳಲ್ಲಿ ಪಾರ್ಸೆಲಿನ ಉದ್ದ ೧ ಮೀಟರನ್ನೂ, ಉದ್ದ ಸುತ್ತಳತೆಗಳ ಮೊತ್ತ ೧.೮೦ ಮೀಟರನ್ನೂ ಮೀರುವಂತಿರಲಿಲ್ಲ. ಘನಫಲವನ್ನೇ ಕೇಳಬಹುದಾಗಿತ್ತಲ್ಲವೆ? ಕೇಳಬಹುದು, ಆದರೆ ಹಲಸಿನ ಹಣ್ಣಿನಂತೆ ಉಬ್ಬಿದ ಬಟ್ಟೆಯ ಗಂಟಿನ ಘನಫಲವನ್ನು ಕಂಡುಹಿಡಿಯುವುದು ಹೇಗೆ? ಉದ್ದಕ್ಕೊಮ್ಮೆ, ಅತ್ಯಂತ ದಪ್ಪವಾದ ಕಡೆ ಸುತ್ತಲೂ ಒಮ್ಮೆ ಒಂದೇ ಪಟ್ಟಿಯನ್ನು ಎಳೆದು ಕೂಡಿಸಿದರೆ ಯಾವ ಆಕಾರವಾದರೂ ಒಂದೇ ಸಂಖ್ಯೆಗೆ ಇಳಿಯುತ್ತದೆ. ಗುಣಾಕಾರದ ಹಂಗಿಲ್ಲ, ವಾದಕ್ಕೆ ಎಡೆಯಿಲ್ಲ. ಸಾವಿರಾರು ಕಚೇರಿಗಳಲ್ಲಿ ಏಕರೀತಿಯಾಗಿ ನಡೆಯಬೇಕಾದ ಕಾನೂನಿಗೆ ಅದೇ ಮುಖ್ಯ.

ಈ ನಿಯಮಕ್ಕೆ ಒಳಪಟ್ಟು ಅತಿ ಹೆಚ್ಚು ಸಾಮಾನು ಹಿಡಿಯುವ ಪೆಟ್ಟಿಗೆ ಯಾವುದು? ಕಾಲೇಜಿನ ಕಲನಶಾಸ್ತ್ರದ ಪುಸ್ತಕಗಳಲ್ಲಿ, ಅಮೆರಿಕದ ೧೦೮ ಅಂಗುಲದ ಮಿತಿಯೊಡನೆ, ಇದು ಹಳೆಯ ಪ್ರಶ್ನೆ. ನಮ್ಮ ೧೮೦ ಸೆಂಟಿಮೀಟರನ್ನು ತೆಗೆದುಕೊಂಡು, ಕಲನವಿಲ್ಲದೆಯೇ ಬಿಡಿಸೋಣ. ಪೆಟ್ಟಿಗೆಯ ಅಗಲದ ಇಮ್ಮಡಿ, ಎತ್ತರದ ಇಮ್ಮಡಿ, ಉದ್ದ, ಈ ಮೂರರ ಮೊತ್ತವೇ ೧೮೦. ಮೂರು ಸಂಖ್ಯೆಗಳ ಮೊತ್ತ ಗೊತ್ತಾಗಿದ್ದರೆ, ಅವು ಸಮನಾಗಿದ್ದಾಗಲೇ ಗುಣಲಬ್ಧ ಅತ್ಯಧಿಕ. ಆದ್ದರಿಂದ ಒಂದೊಂದೂ ೬೦. ಎಂದರೆ ಅಗಲ ೩೦, ಎತ್ತರ ೩೦, ಉದ್ದ ೬೦. ಘನಫಲ ೫೪,೦೦೦ ಘನ ಸೆಂಟಿಮೀಟರು. ಅಗಲ ಎತ್ತರಗಳು ೨೦ ಇದ್ದು ಉದ್ದ ೧೦೦ ಆದರೆ ೪೦,೦೦೦ ಮಾತ್ರ. ೨೫ ಇದ್ದರೆ ೫೦,೦೦೦. ಎಲ್ಲ ಬದಿಯೂ ೩೬ ಇರುವ ಘನಾಕೃತಿಯಾದರೆ ೪೬,೬೫೬.

ಪೆಟ್ಟಿಗೆಯನ್ನು ಬಿಟ್ಟು ಡಬ್ಬಿಯ ಆಕಾರದ ಉರುಳೆಯನ್ನು ಕಳಿಸಿದರೆ ಲಾಭ ಇನ್ನೂ ಹೆಚ್ಚು. ೧೨೦ ಸೆಂಟಿಮೀಟರಿನ ಹುರಿ ಚೌಕವಾಗಿ ೯೦೦ ಚದರ ಸೆಂಟಿಮೀಟರನ್ನು ಬಳಸಿದರೆ, ವೃತ್ತವಾಗಿ ಸುಮಾರು ೧,೧೪೬ನ್ನು ಬಳಸುತ್ತದೆ. ೬೦ ಸೆಂಟಿಮೀಟರು ಉದ್ದದ ಉರುಳೆಯಲ್ಲಿ ಸುಮಾರು ೬೮,೭೫೦ ಘನ ಸೆಂಟಿಮೀಟರು, ಶೇಕಡ ೨೭ ಅಧಿಕ. ಆದರೆ ಈ ಲಾಭವನ್ನು ತೆರುವವರು ಅಂಚೆಯ ಬಂಡಿಯವರು. ೩೮.೨ ಸೆಂಟಿಮೀಟರು ವ್ಯಾಸದ ಉರುಳೆಗಳನ್ನು ಸಾಲಾಗಿ ಒಂದರ ಮೇಲೊಂದು ಪೇರಿಸಿದರೆ ಒಂದೊಂದೂ ಸುಮಾರು ೮೭,೫೦೦ ಘನ ಸೆಂಟಿಮೀಟರು ಎಡೆಯನ್ನು ಹಿಡಿಯುತ್ತದೆ, ಮೂಲೆಗಳೆಲ್ಲ ಬರಿದು. ಮೇಲಾಗಿ ಅವು ಉರುಳುತ್ತವೆ.

ತೂಕಕ್ಕೂ ಗಾತ್ರಕ್ಕೂ ಬೇರೆಬೇರೆ ಮಿತಿಗಳೇಕೆಂಬುದನ್ನು ವಸ್ತುವಿನ ಸಾಂದ್ರತೆ ತಿಳಿಸುತ್ತದೆ. ೧೮೭೪ರಲ್ಲಿ ಬರ್ನ್ ನಗರದಲ್ಲಿ ಸ್ಥಾಪಿತವಾಗಿ, ೧೮೭೬ರಲ್ಲಿ ಭಾರತವೂ ಸೇರಿದ ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ಪರದೇಶಕ್ಕೆ ಹೋಗುವ ಕಾಗದದ ಉದ್ದ ಅಗಲ ದಪ್ಪಗಳು ಕೂಡಿ ೯೦ ಸೆಂಟಿಮೀಟರನ್ನು, ಯಾವ ಒಂದು ಅಳತೆಯೂ ೬೦ನ್ನು ಮೀರಬಾರದು. ತೂಕ ೨ ಕಿಲೋಗ್ರಾಂ. ಮೂರು ಬದಿಯೂ ೩೦ ಇರುವ ಘನಾಕೃತಿ ಇದರಲ್ಲಿ ಅತಿ ದೊಡ್ಡದು. ಅದರ ತುಂಬ ನೀರಿದ್ದರೆ ೨೭ ಕಿಲೋಗ್ರಾಂ. ಬೂರುಗದ ಹತ್ತಿಯನ್ನು ಕಳಿಸುವವನಿಗೆ ಗಾತ್ರದ ನಿಯಮ ಅಡ್ಡಬರುತ್ತದೆ. ಕಬ್ಬಿಣವನ್ನು ಕಳಿಸುವವನಿಗೆ ಮುಷ್ಟಿಯಷ್ಟರಲ್ಲಿಯೇ ತೂಕದ ನಿಯಮ. ಗಾತ್ರ ಚೀಲವನ್ನು ತುಂಬುತ್ತದೆ, ತೂಕ ಹೊರುವವನ ಬೆನ್ನನ್ನು ಬಗ್ಗಿಸುತ್ತದೆ. ಚಿಕ್ಕದಕ್ಕೂ ಮಿತಿಯಿದೆ: ೧೪ ಸೆಂಟಿಮೀಟರು ಉದ್ದ, ೯ ಸೆಂಟಿಮೀಟರು ಅಗಲಕ್ಕಿಂತ ಕಡಮೆಯಾದರೆ ಕಾಗದ ಕಟ್ಟುಗಳ ನಡುವೆ ಜಾರಿ ಕಳೆದುಹೋಗುತ್ತದೆ. ನಮ್ಮ ಕಾರ್ಡಿನ ಅಳತೆ ಸರಿಯಾಗಿ ಅಷ್ಟೇ ಇರುವುದನ್ನು ಅಡಿಕೋಲು ಹಿಡಿದು ನೋಡಬಹುದು.

ಮಿತಿಗೆ ಕಡೆಯ ಆಧಾರ ಯಾವಾಗಲೂ ಸಾಗಿಸುವವನ ಶಕ್ತಿಯೇ. ೧೮೭೦ರಲ್ಲಿ ಪ್ಯಾರಿಸನ್ನು ಶತ್ರುಸೈನ್ಯ ಮುತ್ತಿದಾಗ ಕಾಗದಗಳನ್ನು ಬೆಲೂನುಗಳಲ್ಲಿ ಹೊರಕ್ಕೆ ಕಳಿಸಿದರು. ಒಂದು ಕಾಗದಕ್ಕೆ ೪ ಗ್ರಾಂ ಮಿತಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಸ್ಥಾಪಿಸಿದ ಅಂಚೆ, ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿಹೋಗುವವರೆಗೂ, ಕಾಲಾಳುಗಳನ್ನು ನಂಬಿ ನಡೆಯಿತು. ರೈಲು, ಮೋಟಾರುಗಳು ಬಂದ ಮೇಲೂ ಹಳ್ಳಿಯ ಕೊನೆಯ ಹರದಾರಿಯನ್ನು ಮನುಷ್ಯನೇ ನಡೆಯಬೇಕಾಗಿತ್ತು. ಬೇರೆಡೆ ಪಾರ್ಸೆಲಿಗೆ ೨೦ ಕಿಲೋಗ್ರಾಂ ಇದ್ದಾಗ, ಹಳ್ಳಿಯ ಶಾಖಾ ಕಚೇರಿಗೆ ಹೋಗುವುದಕ್ಕೆ ೧೦ ಎಂದು ನಮ್ಮ ಹಳೆಯ ನಿಯಮಗಳು ವಿಧಿಸಿದುದು ಈ ಕಾರಣದಿಂದ.

ಆದರೂ ಒಂದೆಡೆ ಒಕ್ಕೂಟದ ನಿಯಮ ತಾನಾಗಿಯೇ ಸಡಿಲವಾಗುತ್ತದೆ. ಪುಸ್ತಕಗಳಿಗೆ ೨ರ ಬದಲು ೫ ಕಿಲೋಗ್ರಾಂವರೆಗೆ ಅವಕಾಶವಿದೆ. ಅಂಧರ ಪುಸ್ತಕಗಳಿಗೆ ೭, ಅದೂ ವಿ​ಮಾನದ ಹೆಚ್ಚುವರಿ ವೆಚ್ಚವೊಂದನ್ನು ಬಿಟ್ಟರೆ ದರವಿಲ್ಲದೆ. ಬ್ರೈಲ್ ಬರಹದ ಚುಕ್ಕೆಗಳು ಬೆರಳಿಗೆ ತಾಗುವಂತೆ ಉಬ್ಬಿರಬೇಕು. ಅಕ್ಷರವನ್ನು ಕಿರಿದು ಮಾಡುವಂತಿಲ್ಲ, ಕಾಗದವನ್ನು ತೆಳುವಾಗಿಸುವಂತಿಲ್ಲ. ಸಾಲಿಗೆ ೪೦ ಗುರುತುಗಳು, ಪುಟಕ್ಕೆ ೨೫ ಸಾಲುಗಳು. ಇದು ಒಂದು ಸಾಮಾನ್ಯ ಅಳತೆ. ಕನ್ನಡದ ಬ್ರೈಲಿನಲ್ಲಿ ‘ಕಿ’ ಎಂಬ ಒಂದು ಅಕ್ಷರಕ್ಕೆ ವ್ಯಂಜನದ ಗುರುತೊಂದು, ಸ್ವರದ ಗುರುತೊಂದು ಬೇಕು. ಅಂಥ ದಪ್ಪ ಹಾಳೆಯೊಂದು ಸುಮಾರು ೧೨ ಗ್ರಾಂ ತೂಗಿದರೆ ನೂರು ಹಾಳೆಯ ಸಂಪುಟ ೧.೨ ಕಿಲೋಗ್ರಾಂ. ಕಣ್ಣುಳ್ಳವರು ಜೇಬಿನಲ್ಲಿ ಒಯ್ಯುವ ಕಾದಂಬರಿ ಅಲ್ಲಿ ನಾಲ್ಕು ಸಂಪುಟಗಳಾಗಿ ಐದು ಕಿಲೋಗ್ರಾಮಿನ ಸಮೀಪಕ್ಕೆ ಬರುತ್ತದೆ. ಎರಡು ಕಿಲೋಗ್ರಾಮಿನ ಮಿತಿಯಲ್ಲಿ ಅದರ ಒಂದೇ ಸಂಪುಟ ಹೋಗುತ್ತಿತ್ತು. ಏಳರ ಮಿತಿಯಲ್ಲಿ ಕಾದಂಬರಿ ಪೂರ್ತಿಯಾಗಿ, ಒಂದೇ ಕಟ್ಟಿನಲ್ಲಿ ಹೋಗುತ್ತದೆ.